ಆನೆ ಸೊಂಡಿಲಿನ ಸಾಲಿನಲ್ಲಿ ಅತ್ತಿಗೆ

ನಮ್ಮ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಬಸ್ಸಿನ ಕಂಡಕ್ಟರ್. ಅವಳನ್ನು ಮನೆಯಲ್ಲಿ ಮಾತ್ರ ನೋಡಿದವರು ‘ಪಾಪ, ಬಾಯಿಲ್ಲದ ಹೆಣ್ಣು’ ಅನ್ನುತ್ತಾರೆ. ಬಸ್ಸಿನಲ್ಲಿ ಮಾತ್ರ ನೋಡಿದವರು ‘ಅಯ್ಯಪ್ಪಾ, ಅದೆಂಥ ಬಾಯಿ’ ಅನ್ನುತ್ತಾರೆ. ಎರಡೂ ನಿಜ. ಇಡೀ ದಿನ ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ, ಮನೆಗೆ ಬರುವ ಹೊತ್ತಿಗೆ ಅವಳ ಗಂಟಲು ಬತ್ತಿಹೋಗಿರುತ್ತದೆ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಕೈಸನ್ನೆ. ನಮ್ಮಮ್ಮನಿಗೆ ಇದೇ ದೊಡ್ಡ ದೂರು. “ಊರಿಗೆ ತುತ್ತೂರಿ, ಮನೆಗೆ ಮೂಕಿ. ಎಂಥ ಸೊಸೆ ತಂದ್ಯೋ ಮಾರಾಯ,” ಎಂದು ಅಣ್ಣನನ್ನು ಚುಚ್ಚುತ್ತಲೇ ಇರುತ್ತಾಳೆ.

ಅತ್ತಿಗೆಯ ಸಿಟ್ಟಿನ ಕಥೆ ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಒಂದು ಸಲ ಕಿಕ್ಕಿರಿದ ಬಸ್ಸಿನಲ್ಲಿ ಗಟ್ಟಿಮುಟ್ಟಾದ ಮನುಷ್ಯನೊಬ್ಬ ತುಂಬು ಬಸುರಿಗೆ ಸೀಟು ಬಿಡದೆ ಕಿಟಕಿಯಾಚೆ ನೋಡುತ್ತ ಕೂತಿದ್ದ. ಇವಳು ಎರಡು ಸಲ ಹೇಳಿದಳು. ಆಮೇಲೆ ನಡುರಸ್ತೆಯಲ್ಲೇ ಬಸ್ಸು ನಿಲ್ಲಿಸಿ, “ಡ್ರೈವರಣ್ಣ, ಇಂಜಿನ್ ಆಫ್ ಮಾಡಿ. ಈ ಯಜಮಾನರಿಗೆ ಕಾಲು ಬರೋವರೆಗೂ ಎಲ್ಲರೂ ಕಾಯೋಣ,” ಅಂದಳು. ಬಸ್ಸಿನವರೆಲ್ಲ ಆ ಮನುಷ್ಯನಿಗೆ ಮುಖಕ್ಕೆ ಉಗಿದಂತೆ ಬೈದರು. ಅವನಿಗೆ ಕಾಲು ಬಂತು. ಅತ್ತಿಗೆಗೆ ಮೆಮೋ ಬಂತು. ತನ್ನನ್ನು ಯಾರಾದರೂ ಬೈದರೆ ನಕ್ಕು ಸುಮ್ಮನಾಗುವ ಹೆಂಗಸು, ಇಂಥದ್ದೇನಾದರೂ ಕಣ್ಣಿಗೆ ಬಿದ್ದರೆ ಎಡಗೈಯಿಂದ ಭುಜವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ, ಚೀಲದ ಪಟ್ಟಿ ಅಲ್ಲಿ ಇರಲಿ, ಇಲ್ಲದಿರಲಿ. ಅದು ಕಂಡರೆ ನಮಗೆ ಎದೆ ಝಲ್ ಅನ್ನುತ್ತದೆ.

ಅಣ್ಣ ಇದಕ್ಕೆ ತದ್ವಿರುದ್ಧ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವನ ಕೆಲಸ. ಗಿರಾಕಿ ಬೈಯಲಿ, ಯಜಮಾನ ಬೈಯಲಿ, ಅವನ ಬಾಯಲ್ಲಿ ಒಂದೇ ಮಾತು: “ಹೋಗ್ಲಿ ಬಿಡು.” ಗೆಳೆಯರು ಅವನನ್ನು ಹಾಗೇ ಕರೆಯುವುದು, ಹೋಗ್ಲಿಬಿಡಪ್ಪ ಎಂದು.

ಇವರಿಬ್ಬರ ಮಗಳು ಚಿಗರೆ. ಒಂದು ಕಡೆ ನಿಂತವಳಲ್ಲ, ಅದಕ್ಕೇ ಆ ಹೆಸರು. ಊರಾಚೆಯ ಥೀಮ್ ಪಾರ್ಕಿನಲ್ಲಿ ‘ಆನೆ ಸೊಂಡಿಲು’ ಎಂಬ ಜಾರುಬಂಡಿ ಇದೆ. ಎತ್ತರದ ಗೋಪುರದಿಂದ ಸುರುಳಿ ಸುತ್ತಿಕೊಂಡು ಕೆಳಗಿನ ಕೊಳಕ್ಕೆ ಇಳಿಯುವ ನೀಲಿ ಕೊಳವೆ, ಅದರೊಳಗೆ ನೀರಿನ ಜೊತೆ ನಾವೂ ಜಾರಬೇಕು. ಹಿಂದಿನ ಬೇಸಿಗೆಯಲ್ಲಿ ಚಿಗರೆ ಅಲ್ಲಿಗೆ ಹೋದಾಗ ಗೋಡೆಯ ಮೇಲಿನ ಗೆರೆಗೆ ಅವಳ ತಲೆ ಮುಟ್ಟಲಿಲ್ಲ. ಬೆರಳಷ್ಟು ಕಡಿಮೆ. ಅಳುತ್ತ ಬಂದವಳು ವರ್ಷವಿಡೀ ಬಾಗಿಲಿನ ಮೇಲಿನ ಸರಳಿಗೆ ಜೋತುಬಿದ್ದು ಬೆಳೆದಳು. ಜೋತುಬಿದ್ದದ್ದಕ್ಕೋ, ವಯಸ್ಸಿಗೋ, ಈ ಬೇಸಿಗೆಗೆ ಗೆರೆ ದಾಟಿದಳು.

ಶಾಲೆಗೆ ರಜೆ, ನೆತ್ತಿ ಬಿರಿಯುವ ಬಿಸಿಲು. ಅಣ್ಣ, ಅತ್ತಿಗೆ, ಚಿಗರೆ, ಅಮ್ಮ, ನಾನು ಹೊರಟೆವು. ಮನೆಯಿಂದ ಕಾಲಿಡುವ ಮೊದಲೇ ಅಣ್ಣ ಅತ್ತಿಗೆಯ ಹತ್ತಿರ ಮಾತು ತೆಗೆದುಕೊಂಡ.

“ಇವತ್ತು ನಿಂಗೆ ರಜೆ. ಬಾಯಿಗೂ ರಜೆ ಕೊಟ್ಬಿಡು. ಮಗು ಒಂದು ವರ್ಷದಿಂದ ಕಾದಿದೆ. ಯಾರ ಹತ್ರಾನೂ ಜಗಳ ಬೇಡ.”

“ಆಯ್ತು.”

“ನನ್ ಮೇಲಾಣೆ ಮಾಡು.”

“ಆಯ್ತು ಅಂದ್ನಲ್ರೀ. ನಿಮ್ ಮೇಲ್ಯಾಕೆ ಆಣೆ, ಪಾಪ.”

ಗೇಟಿನಲ್ಲೇ ಮೊದಲ ಪರೀಕ್ಷೆ. ಕಾವಲುಗಾರ ಚೀಲ ಬಿಚ್ಚಿಸಿ ನೀರಿನ ಬಾಟಲಿಗಳನ್ನು ಒಂದೊಂದಾಗಿ ತೆಗೆದು, ಮುಚ್ಚಳ ತಿರುಗಿಸಿ, ಪಕ್ಕದ ಡ್ರಮ್ಮಿಗೆ ಸುರಿದ. ಹೊರಗಿನ ನೀರು ಒಳಗೆ ಬಿಡುವುದಿಲ್ಲವಂತೆ. ಬೇಕಾದವರು ಒಳಗೆ ಕೊಳ್ಳಬೇಕಂತೆ.

“ನೀರಲ್ಲೂ ಹೊರಗಿಂದು ಒಳಗಿಂದು ಅಂತ ಇದ್ಯೇನಪ್ಪಾ?” ಅಂದಳು ಅಮ್ಮ. ಅವಳದು ಬಿಪಿ ಮಾತ್ರೆಯ ಮೈ. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಆ ಮಾತ್ರೆ ನುಂಗುವವರು ಬಿಸಿಲಿನಲ್ಲಿ ಬಾಯಾರಿ ಇರಬಾರದೆಂದು ಗೊತ್ತಿದ್ದೇ ಬಾಟಲಿ ತುಂಬಿಸಿ ತಂದಿದ್ದೆ.

“ಏನ್ ಮಾಡ್ಲಿ ಅಜ್ಜಿ, ನೀರು ಬಿಟ್ರೆ ನನ್ನ ಕೆಲಸ ಬಿಡಿಸ್ತಾರೆ,” ಅಂದ ಅವನು ತಲೆ ಎತ್ತದೆ.

ಅತ್ತಿಗೆಯ ಎಡಗೈ ಭುಜಕ್ಕೆ ಹೋಯಿತು. ಅಣ್ಣ ಅವಳ ಮುಖ ನೋಡಿದ. ಕೈ ಕೆಳಗಿಳಿಯಿತು.

ಒಳಗೆ ಪ್ಲಾಸ್ಟಿಕ್ಕಿನ ಗುಡ್ಡ, ಪ್ಲಾಸ್ಟಿಕ್ಕಿನ ಮರ, ಹುಲ್ಲು ಕೂಡ ಪ್ಲಾಸ್ಟಿಕ್ಕು. ಮರಗಳಿಗೆ ಎಲೆ ಎಂದರೆ ನಾಲ್ಕು ಪಟ್ಟಿ, ಕಾಗೆಗೂ ನೆರಳಾಗದು. ಹಾಡು ಮಾತ್ರ ಕಿವಿ ಕಿತ್ತುಹೋಗುವಷ್ಟು. ಚಿಗರೆ ಅದಾವುದನ್ನೂ ನೋಡಲಿಲ್ಲ. ನೀರು ಕೊಳ್ಳಲೂ ನಮ್ಮನ್ನು ಬಿಡದೆ ನೆಟ್ಟಗೆ ಸೊಂಡಿಲಿನ ಹತ್ತಿರ ಓಡಿ, ಗೆರೆಯ ಕೆಳಗೆ ನಿಂತು, “ನೋಡಿ, ನೋಡಿ!” ಎಂದು ಕಿರುಚಿದಳು. ಗೆರೆ ಅವಳ ಹಣೆಗೆ ಬಂದಿತ್ತು.

ಸಾಲಿಗೆ ಸೇರುವ ಮೊದಲು ಚಪ್ಪಲಿಗಳನ್ನು ಕೌಂಟರಿನಲ್ಲಿ ಬಿಡಬೇಕು. ಬಿಟ್ಟೆವು. ಗೋಪುರದ ಮೇಲೆ ಹಿರಿಯರು ನಿಂತು ಮಕ್ಕಳನ್ನು ನೋಡುವ ಜಗಲಿ ಇತ್ತು. ಮೊಮ್ಮಗಳು ಜಾರುವುದನ್ನು ನೋಡಲೇಬೇಕೆಂದು ಅಮ್ಮನೂ ಬಂದಳು. ಜಗಲಿಗೂ ಅದೇ ಸಾಲು, ಅದೇ ಮೆಟ್ಟಿಲು.

ಸಾಲೆಂದರೆ ಕಬ್ಬಿಣದ ಸರಳುಗಳ ನಡುವೆ ಹಾವಿನಂತೆ ಸುತ್ತುವ ದಾರಿ. ಮೇಲೆ ಸೂರಿಲ್ಲ. ಕೆಳಗೆ ಸಿಮೆಂಟು. ಕಾಲಿಟ್ಟ ಕೂಡಲೇ ಪಾದ ಚುರ್ ಅಂದಿತು. ಸರಳು ಹಿಡಿಯೋಣವೆಂದರೆ ಅದು ಒಲೆಯಿಂದ ತೆಗೆದ ಸೌಟು. ಜನ ಕೊಕ್ಕರೆಗಳಂತೆ ಕಾಲು ಬದಲಿಸುತ್ತ ನಿಂತಿದ್ದರು. ಚಿಕ್ಕ ಮಕ್ಕಳು ಅಪ್ಪಂದಿರ ಪಾದದ ಮೇಲೆ ಹತ್ತಿ ನಿಂತಿದ್ದವು. ಅಮ್ಮ ನನ್ನ ಟವೆಲ್ಲನ್ನು ಕಾಲ ಕೆಳಗೆ ಹಾಸಿಕೊಂಡು, ಸಾಲು ಸರಿದಂತೆ ಅದನ್ನೂ ಎಳೆದುಕೊಂಡು ಹೊರಟಳು.

ನಮ್ಮ ಪಕ್ಕದಲ್ಲೇ, ಒಂದು ಸರಳಿನ ಆಚೆ, ಇನ್ನೊಂದು ದಾರಿ. ಅದಕ್ಕೆ ಚಪ್ಪರ. ಕೆಳಗೆ ಹಸಿರು ಚಾಪೆ, ಅದು ಕಾಯದಿರಲೆಂದು ಆಳೊಬ್ಬ ಪೈಪು ಹಿಡಿದು ನೀರು ಬಿಡುತ್ತಿದ್ದ. ಕೈಗೆ ಬಂಗಾರದ ಬಣ್ಣದ ಪಟ್ಟಿ ಕಟ್ಟಿಕೊಂಡವರು ಆ ದಾರಿಯಲ್ಲಿ ನಗುನಗುತ್ತ ಬಂದು, ನಿಲ್ಲದೆ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಪಟ್ಟಿಗೆ ಬೆಲೆ ಬೇರೆ. ಚಾಪೆಯಿಂದ ಹರಿದ ನೀರು ನಮ್ಮ ಕಡೆಗೆ ಬರಬಾರದೆಂದು ನಡುವೆ ಸಣ್ಣ ಕಟ್ಟೆಯನ್ನೂ ಕಟ್ಟಿದ್ದರು. ಅದನ್ನು ಯಾವ ಪುಣ್ಯಾತ್ಮ ಯೋಚಿಸಿದನೋ.

ಮೆಟ್ಟಿಲ ಬುಡ ಹತ್ತಿರವಾದಾಗ ಸಾಲು ನಿಂತಿತು. ಯಾರದೋ ಹುಟ್ಟುಹಬ್ಬವಂತೆ, ಪಟ್ಟಿಯವರ ದೊಡ್ಡ ಗುಂಪು ಬಂದಿತ್ತು. ಮೇಲ್ವಿಚಾರಕ ನಮ್ಮ ಮುಂದೆ ಸರಪಳಿ ಹಾಕಿದ. ಕಪ್ಪು ಕನ್ನಡಕ, ಕೈಯಲ್ಲಿ ವಾಕಿಟಾಕಿ, ಕೂರಲು ಎತ್ತರದ ಸ್ಟೂಲು. ನಮ್ಮ ಸಾಲಿನಲ್ಲಿದ್ದ ಒಂದೇ ಒಂದು ಛತ್ರಿ ಅವನ ತಲೆಯ ಮೇಲಿತ್ತು.

“ಐದೇ ನಿಮಿಷ,” ಅಂದ.

ಆ ಐದು ನಿಮಿಷ ಮುಗಿಯಲೇ ಇಲ್ಲ. ಕೇಳಿದಾಗಲೆಲ್ಲ ಐದೇ ನಿಮಿಷ. ಹಿಂದೆ ಒಂದು ಹಸುಗೂಸು ಅತ್ತು ಅತ್ತು ದನಿ ಬಿದ್ದು, ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ಚಿಗರೆಯ ಮುಖ ಕೆಂಪಗಾಗಿ ತುಟಿ ಬೆಳ್ಳಗಾಗಿತ್ತು, ಆದರೂ ಸರಪಳಿಯ ಮೇಲಿನ ಕಣ್ಣು ತೆಗೆಯಲೊಲ್ಲಳು. ಅತ್ತಿಗೆಯ ಕತ್ತಿನ ನರ ದಾರದಂತೆ ಎದ್ದಿತ್ತು. ಅಣ್ಣ ಅದನ್ನೇ ನೋಡುತ್ತ ಪಿಸುಗುಟ್ಟುತ್ತಿದ್ದ: “ಹೋಗ್ಲಿ ಬಿಡು. ಇನ್ನೇನು ಬಂತು. ಹೋಗ್ಲಿ ಬಿಡು.”

ಅಷ್ಟರಲ್ಲಿ ಅಮ್ಮ ಸರಳು ಹಿಡಿಯಲು ಹೋಗಿ, ಕೈ ಸುಟ್ಟು, ಹಾಗೇ ಕುಸಿದಳು. ಬೀಳಲಿಲ್ಲ, ಗೋಣಿಚೀಲ ಜಾರಿದಂತೆ ಕೂತಳು. ಮುಟ್ಟಿದರೆ ಮೈ ಕೆಂಡ, ಬೆವರಿಲ್ಲ. ನನಗೆ ಭಯವಾಯಿತು. ನೀರು ಎಂದು ಕೂಗಿದೆ. ನಮ್ಮ ಸಾಲಿನಲ್ಲಿ ಯಾರ ಬಳಿಯೂ ಇರಲಿಲ್ಲ. ಎಲ್ಲರ ನೀರೂ ಗೇಟಿನ ಡ್ರಮ್ಮಿನಲ್ಲಿತ್ತು.

ಅತ್ತಿಗೆ ಮೇಲ್ವಿಚಾರಕನ ಹತ್ತಿರ ಹೋದಳು. ಮನೆಯ ಹೊರಗೆ ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ನಮ್ಮತ್ತೆಗೆ ತಲೆ ಸುತ್ತು ಬಂದಿದೆ. ಆ ಚಾಪೆ ಮೇಲೆ, ನೆರಳಲ್ಲಿ ಸ್ವಲ್ಪ ಕೂರಿಸ್ತೀವಿ. ಮೇಲೆ ಹತ್ತಲ್ಲ. ಕೂರಿಸ್ತೀವಿ ಅಷ್ಟೇ.”

“ಬ್ಯಾಂಡ್ ಇದ್ಯಾ ಮೇಡಂ?”

“ಇಲ್ಲ.”

“ಹಾಗಾದ್ರೆ ಆಗಲ್ಲ. ರೂಲ್ಸು.” ಅವನು ಸ್ಟೂಲಿನಿಂದ ಇಣುಕಿ ಅಮ್ಮನನ್ನು ನೋಡಿದ. “ತಡ್ಕೊಳಕ್ಕಾಗ್ದೇ ಇರೋ ಮುದುಕರನ್ನ ಯಾಕೆ ಕರ್ಕೊಂಡ್ ಬರ್ತೀರಾ? ಮನೇಲಿ ಬಿಟ್ಟು ಬರ್ಬೇಕಪ್ಪ.”

ಅತ್ತಿಗೆ ತಿರುಗಿ ಅಣ್ಣನನ್ನು ನೋಡಿದಳು. ಅಣ್ಣನ ಬಾಯಿಂದ, ಅಭ್ಯಾಸಬಲವೋ ಏನೋ, ಅದೇ ಮಾತು ಜಾರಿತು: “ಹೋಗ್ಲಿ...”

“ಏನೋ ಹೋಗ್ಲಿ?” ಕೆಳಗಿನಿಂದ ಅಮ್ಮನ ದನಿ. “ಹೋಗ್ತಿರೋಳು ನಾನು! ಲೇ ಸೊಸೆ, ನಿನ್ ಬಾಯಿಗೇನ್ ಬಂದಿದ್ಯೇ ಇವತ್ತು? ಊರಿಗೆಲ್ಲ ಕೂಗ್ತೀಯ, ಅತ್ತೆ ಸಾಯ್ವಾಗ ಮುಚ್ಕೊಂಡಿರ್ತೀಯಾ? ಬಿಡೇ ಬಾಯಿ!”

ಅತ್ತಿಗೆ ಬಾಯಿ ಬಿಟ್ಟಳು.

ನಾನು ಅವಳ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಆ ದನಿ ಅಲ್ಲೂ ಕೇಳಿರಲಿಲ್ಲ. ಪಾರ್ಕಿನ ಹಾಡು ಅದರ ಮುಂದೆ ಸೊಳ್ಳೆಯ ಗುಂಯ್ ಆಯಿತು. “ಏಯ್! ಇಳಿಯೋ ಸ್ಟೂಲಿಂದ!” ಎಂದವಳೇ ಸರಪಳಿಯ ಕೊಂಡಿ ಕಿತ್ತು ಬಿಸಾಡಿದಳು. ಸರಪಳಿ ಝಣ್ಣೆಂದು ಬಿತ್ತು. “ವಯಸ್ಸಾದವರು, ಕೈಗೂಸಿರೋರು ಮೊದಲು! ಚಾಪೆಗೆ ಬನ್ನಿ! ಯಾರೂ ಮೆಟ್ಟಿಲು ಹತ್ತಬೇಡಿ, ಯಾರ ಸರದೀನೂ ಕದೀಬೇಡಿ. ಕಾಲು ತಣ್ಣಗೆ ಮಾಡ್ಕೊಳ್ಳಿ. ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ. ಇನ್ನೂ ಜಾಗ ಇದೆ!”

ಜನ ನುಗ್ಗಲಿಲ್ಲ. ಅದು ಈಗಲೂ ನನಗೆ ಆಶ್ಚರ್ಯ. ಅವಳು ಹೇಳಿದಂತೆ, ಮುದುಕರು, ಕೂಸುಗಳು, ಆಮೇಲೆ ಮಕ್ಕಳು, ಒಬ್ಬೊಬ್ಬರಾಗಿ ಬಂದು ಒದ್ದೆ ಚಾಪೆಯ ಮೇಲೆ ಕೂತರು. ಅಣ್ಣ ಅಮ್ಮನನ್ನು ಎತ್ತಿಕೊಂಡು ಬಂದ. ಅತ್ತಿಗೆ ಆಳಿನ ಕೈಯಿಂದ ಪೈಪು ತೆಗೆದುಕೊಂಡು ಅಮ್ಮನ ತಲೆಗೆ, ಆಮೇಲೆ ನಮ್ಮ ಸಾಲಿನ ಸಿಮೆಂಟಿಗೆ ನೀರು ಬಿಟ್ಟಳು. ಸಿಮೆಂಟಿನಿಂದ ಹಬೆ ಎದ್ದಿತು. ಆಳು ತಡೆಯಲಿಲ್ಲ. ಮೆಲ್ಲಗೆ ಹೋಗಿ ನಲ್ಲಿಯನ್ನು ಇನ್ನಷ್ಟು ತಿರುಗಿಸಿ ಬಂದ.

ಪಟ್ಟಿಯ ಗುಂಪಿನ ಗಂಡಸೊಬ್ಬ ರೇಗಿದ. “ಏನ್ರೀ ಇದು? ನಾವು ದುಡ್ಡು ಕೊಟ್ಟು ಬಂದಿದ್ದೀವಿ!”

“ನಾವೇನು ಹುಣಸೆ ಬೀಜ ಕೊಟ್ಟು ಬಂದಿದ್ದೀವಾ?” ಅಂದಳು ಅತ್ತಿಗೆ. ಸಾಲಿಗೆ ಸಾಲೇ ನಕ್ಕಿತು. ಅವಳು ನಗಲಿಲ್ಲ. “ನಿಮ್ ದುಡ್ಡಿಗೆ ಬೇಗ ಜಾರಿ, ಬೇಡ ಅನ್ನಲ್ಲ. ನಮ್ ಕಾಲು ಸುಡೋದನ್ನ ನೋಡ್ಕೊಂಡು ಜಾರೋದೂ ಆ ದುಡ್ಡಲ್ಲಿ ಸೇರಿದ್ಯಾ?”

ಆ ಗುಂಪಿನ ಒಬ್ಬಾಕೆ ಒಳಗೆ ಕೊಂಡಿದ್ದ ತನ್ನ ನೀರಿನ ಬಾಟಲಿ ತಂದು ಅಮ್ಮನ ಬಾಯಿಗೆ ಹಿಡಿದಳು.

ಸೊಂಡಿಲು ನಿಂತಿತು. ಮ್ಯಾನೇಜರು ನಾಲ್ಕು ಕಾವಲುಗಾರರೊಂದಿಗೆ ಓಡಿಬಂದರು. ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆದೊಯ್ದರು, ಹಿಂದೆ ನಾವೆಲ್ಲ. ಗಾಜಿನ ಗೋಡೆಯ ತಣ್ಣನೆಯ ಕೋಣೆ. ನರ್ಸು ಅಮ್ಮನ ಕತ್ತಿಗೆ, ಕಂಕುಳಿಗೆ ಮಂಜಿನ ಚೀಲ ಇಟ್ಟು ಡ್ರಿಪ್ಪು ಹಾಕಿದಳು. ಪಕ್ಕದ ಎರಡು ಮಂಚಗಳಲ್ಲಿ ಆಗಲೇ ಜನ ಮಲಗಿದ್ದರು.

“ಇವ್ರಿಗೇನಾಗಿದೆ?” ಅಂದಳು ಅತ್ತಿಗೆ.

“ಅದೇ, ಬಿಸಿಲು. ಬೇಸಿಗೇಲಿ ದಿನಾ ಇದ್ದದ್ದೇ,” ಅಂದಳು ನರ್ಸು.

“ದಿನಾ?”

“ಮೇ ತಿಂಗ್ಳಲ್ಲಂತೂ ಮಂಚ ಸಾಲಲ್ಲ.”

ಅತ್ತಿಗೆಯ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಅಲ್ಲಿಯವರೆಗಿನ ಸಿಟ್ಟು ಸಿಟ್ಟೇ ಅಲ್ಲ ಅನ್ನಿಸಿತು ನನಗೆ. “ದಿನಾ ಬೀಳ್ತಾರೆ ಅಂತ ಗೊತ್ತಿದೆ,” ಅಂದಳು ಮ್ಯಾನೇಜರಿಗೆ. “ಗೊತ್ತಿದ್ದು ಮಂಚ ಹಾಕಿದ್ದೀರಿ. ಸೂರು ಹಾಕಿಲ್ಲ.”

ಮ್ಯಾನೇಜರು ಕೆಟ್ಟವರಂತೆ ಕಾಣಲಿಲ್ಲ. ಅದೇ ಇನ್ನೂ ಹೇಸಿಗೆ. ಮೃದುವಾಗಿ ನಕ್ಕು, ಜೇಬಿನಿಂದ ಬಂಗಾರದ ಪಟ್ಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. “ತೊಂದರೆ ಆಗಿದೆ, ಒಪ್ಕೋತೀವಿ. ಇದು ನಿಮ್ಮ ಇಡೀ ಕುಟುಂಬಕ್ಕೆ. ಮಗು ಎಷ್ಟು ಸಲ ಬೇಕಾದ್ರೂ ಜಾರಲಿ. ನೀವು ಒಂದ್ಸಲ ಹೊರಗೆ ಬಂದು, ಎಲ್ಲಾ ಸರಿಹೋಯ್ತು, ವಾಪಸ್ ಸಾಲಿಗೆ ಹೋಗಿ ಅಂತ ಆ ಜನಕ್ಕೆ ಹೇಳಿದ್ರೆ ಸಾಕು. ನಿಮ್ಮ ಮಾತು ಕೇಳ್ತಾರೆ.”

ಚಿಗರೆ ಅತ್ತಿಗೆಯ ಮುಖ ನೋಡಿದಳು. ಅವಳ ಈಜುಡುಗೆ ಇನ್ನೂ ಒಣಗಿಯೇ ಇತ್ತು. ಅತ್ತಿಗೆ ಒಂದು ಪಟ್ಟಿ ಎತ್ತಿಕೊಂಡಳು. ನಿಜ ಹೇಳುತ್ತೇನೆ, ಮಗಳ ಮಣಿಕಟ್ಟಿಗೆ ಸುತ್ತಿದಳು ಕೂಡ. ಗುಂಡಿ ಹಾಕುವುದೊಂದು ಬಾಕಿ. ಆಗ ಗಾಜಿನಾಚೆ ಕಣ್ಣು ಹೋಯಿತು. ಏಳಲೊಪ್ಪದವರನ್ನು ಬಿಟ್ಟು ಉಳಿದವರನ್ನು ಚಾಪೆಯಿಂದ ಎಬ್ಬಿಸಿ, ಸರಪಳಿಯನ್ನು ಮತ್ತೆ ಕಟ್ಟಿದ್ದರು. ಹಸುಗೂಸಿನವಳು ಮತ್ತೆ ಸಿಮೆಂಟಿನ ಮೇಲೆ ಕಾಲು ಬದಲಿಸುತ್ತಿದ್ದಳು.

ಅತ್ತಿಗೆ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು.

“ಅಮ್ಮಾ!” ಅಂದಳು ಚಿಗರೆ.

“ನಡಿ ಮನೆಗೆ.”

“ಇಲ್ಲ! ನಾನು ಮುಟ್ಟಿದೀನಿ ಗೆರೆನ! ನಾನು ದೊಡ್ಡೋಳಾಗಿದೀನಿ!” ನೆಲಕ್ಕೆ ಕಾಲು ಬಡಿದು ಅತ್ತಳು. “ನಿನ್ನಂಥ ಅಮ್ಮ ಯಾರಿಗೂ ಬೇಡ! ಯಾರಿಗೂ!”

ಗೇಟಿನವರೆಗೆ ಕಾವಲುಗಾರರು ನಮ್ಮ ಹಿಂದೆಯೇ ಬಂದರು.

ಅವತ್ತು ಸಂಜೆ ಅಣ್ಣ ಸಿಡಿದ. ಅವನು ಹೆಂಡತಿಯ ಮೇಲೆ ದನಿ ಎತ್ತಿದ್ದು ಅದೇ ಮೊದಲು. “ಅಮ್ಮಂಗೋಸ್ಕರ ಕೂಗಿದೆ, ಸರಿ. ನಾನೇ ಕೂಗಬೇಕಿತ್ತು, ಅದೂ ಸರಿ. ಆದ್ರೆ ಆ ಪಟ್ಟಿ? ಮಗು ಒಂದ್ಸಲ ಜಾರಿದ್ರೆ ನಿಂದೇನ್ ಗಂಟು ಹೋಗ್ತಿತ್ತು?”

“ಮಗಳನ್ನ ಚಾಪೆ ಮೇಲೆ ಕಳ್ಸಿ, ಅವ್ರನ್ನ ಸಿಮೆಂಟಿಗೆ ಹೋಗಿ ಅನ್ಲಾ? ಅದಕ್ಕಾ ನನ್ ಗಂಟಲು ಇರೋದು?”

“ನಿಂಗೆ ಊರೇ ಮೊದಲು.”

ಅತ್ತಿಗೆ ತಟ್ಟೆ ಸರಿಸಿ ಎದ್ದು ಹೋದಳು. ಅಮ್ಮ ಮಂಚದಿಂದಲೇ, “ಅವಳ ತಂಟೆಗೆ ಹೋಗ್ಬೇಡ,” ಎಂದು ಮಗನನ್ನು ಗದರಿದಳು. ಮದುವೆಯಾದ ಮೇಲೆ ಅಮ್ಮ ಸೊಸೆಯ ಪರ ಆಡಿದ ಮೊದಲ ಮಾತು ಅದು. ಆದರೆ ಅತ್ತಿಗೆಗೆ ಅದು ಬೇಕಾಗಿರಲಿಲ್ಲ. ಮಗಳು ಮಾತು ಬಿಟ್ಟಿದ್ದಳು. ಜಡೆ ಹಾಕಿಸಿಕೊಳ್ಳಲು ಕೂಡ ನನ್ನ ಹತ್ತಿರವೇ ಬರುತ್ತಿದ್ದಳು.

ರಜೆ ಮುಗಿಯುವ ಮೊದಲು ಪಕ್ಕದ ಮನೆಯವರು ಪಾರ್ಕಿಗೆ ಹೊರಟರು. ಚಿಗರೆಯನ್ನೂ ಕರೆದರು. ಅತ್ತಿಗೆ ಬೇಡ ಅನ್ನಲಿಲ್ಲ. ಸಂಜೆ ಅವಳು ಡ್ಯೂಟಿ ಮುಗಿಸಿ ಬಂದಾಗ ಮಗಳು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು. ಎರಡೂ ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದವು. ಅತ್ತಿಗೆ ಚೀಲವನ್ನೂ ಇಳಿಸದೆ ಕೂತು, ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಲಾಮು ಹಚ್ಚಿದಳು. ಚಿಗರೆ ಕಾಲು ಎಳೆದುಕೊಳ್ಳಲಿಲ್ಲ.

“ಸೊಂಡಿಲು ಹೇಗಿತ್ತು?” ಅಂದಳು ಅತ್ತಿಗೆ ಕೊನೆಗೆ.

“ಅಷ್ಟೇನಿಲ್ಲ. ಕಣ್ಮುಚ್ಚಿ ಬಿಡೋದ್ರೊಳಗೆ ಮುಗ್ದೋಯ್ತು.” ಆಮೇಲೆ ತಾನಾಗಿಯೇ ಹೇಳಿದಳು: “ಇನ್ನೂ ಸೂರು ಹಾಕಿಲ್ಲಮ್ಮ ಅವ್ರು. ಒಬ್ಬ ತಾತ ಬಿದ್ದೋದ್ರು.”

ಮರುದಿನದಿಂದ ಅತ್ತಿಗೆ ಶುರು ಮಾಡಿದಳು. ಅವಳ ಬಸ್ಸಿನ ದಾರಿಯಲ್ಲೇ ಪಾರ್ಕಿನ ಸ್ಟಾಪು. ಬಸ್ಸು ಅಲ್ಲಿ ನಿಲ್ಲುವ ಮೊದಲು, ಒಂದು ಸಲವೂ ತಪ್ಪದೆ, ಹಿಂದಿನ ಸೀಟಿನವರೆಗೂ ಕೇಳುವಂತೆ ಕೂಗುತ್ತಿದ್ದಳು: “ಪಾರ್ಕು, ಪಾರ್ಕು! ಇಳಿಯೋರು ಕೇಳಿಸ್ಕೊಳ್ಳಿ. ಗೇಟಲ್ಲಿ ನೀರು ಚೆಲ್ತಾರೆ, ಈಗ್ಲೇ ಹೊಟ್ಟೆ ತುಂಬ ಕುಡ್ಕೊಳ್ಳಿ. ಸೊಂಡಿಲಿನ ಸಾಲಲ್ಲಿ ನೆರಳಿಲ್ಲ, ಕಾಲಲ್ಲಿ ಚಪ್ಪಲಿ ಇರಲ್ಲ. ದೊಡ್ಡೋರನ್ನ, ಕೂಸುಗಳನ್ನ ಅಲ್ಲಿ ನಿಲ್ಲಿಸ್ಬೇಡಿ. ದಿನಾ ಜನ ಬೀಳ್ತಿದ್ದಾರೆ. ಆಮೇಲೆ ಕಂಡಕ್ಟರ್ ಹೇಳ್ಲಿಲ್ಲ ಅನ್ಬೇಡಿ!”

ಕೆಲವರು ನಗುತ್ತಿದ್ದರು. ಕೆಲವರು ಬಾಟಲಿ ತೆಗೆದು ಗಟಗಟ ಕುಡಿಯುತ್ತಿದ್ದರು. ಇಳಿಯದೆ ಮುಂದಿನ ಸ್ಟಾಪಿಗೆ ಟಿಕೆಟ್ ಕೇಳಿದವರೂ ಇದ್ದರು.

ಪಾರ್ಕಿನವರು ದೂರು ಕೊಟ್ಟರು. ಡಿಪೋದ ಸಾಹೇಬರು ಕರೆಸಿ, “ಇದೇನಮ್ಮ, ಅವರ ವ್ಯಾಪಾರಕ್ಕೆ ಕಲ್ಲು ಹಾಕ್ತಿದ್ದೀಯಂತೆ?” ಎಂದು ಕೇಳಿದರು.

“ಸ್ಟಾಪ್ ಬಂದಾಗ ಕೂಗೋದು ನನ್ ಕೆಲ್ಸ ಸಾರ್. ನಾನು ಹೇಳಿದ್ರಲ್ಲಿ ಸುಳ್ಳು ಯಾವುದು ಹೇಳಿ, ಅದೊಂದನ್ನ ಬಿಟ್ಬಿಡ್ತೀನಿ.”

ಸಾಹೇಬರಿಗೆ ಸುಳ್ಳು ಸಿಗಲಿಲ್ಲ. ಅವಳನ್ನು ಊರಿನ ಇನ್ನೊಂದು ತುದಿಯ ರೂಟಿಗೆ ಹಾಕಿದರು. ಆ ಜಾಗಕ್ಕೆ ಬಂದ ಕಂಡಕ್ಟರ್ ಸಂಕೋಚದ ಮನುಷ್ಯ, ಸ್ಟಾಪಿನ ಹೆಸರನ್ನೇ ನುಂಗಿ ಹೇಳುವವನು. ಆದರೆ ಪಾರ್ಕು ಹತ್ತಿರವಾದಾಗ ದಿನದ ಪ್ರಯಾಣಿಕರೇ ಕೂಗುತ್ತಿದ್ದರಂತೆ: ಹೂವಿನ ಅಂಗಡಿಯ ಮುದುಕಿ, ಕಾಲೇಜಿನ ಹುಡುಗಿಯರು, ಯಾರಿಗೆ ಮೊದಲು ನೆನಪಾಗುತ್ತದೋ ಅವರು. ಅತ್ತಿಗೆಯ ಮಾತುಗಳನ್ನೇ, ಅವಳದೇ ರಾಗದಲ್ಲಿ.

ಮುಂದಿನ ಬೇಸಿಗೆಗೆ ಸಾಲಿನ ಮೇಲೆ ಹಸಿರು ಬಲೆ ಬಂತು. ಮೆಟ್ಟಿಲ ಬುಡದಿಂದ ಅರ್ಧ ಸಾಲಿನವರೆಗೆ ಮಾತ್ರ. ಯಾವುದೋ ಪತ್ರಿಕೆಯಲ್ಲಿ ಅದರ ಚಿತ್ರ ಬಂದಾಗ ಅಣ್ಣನೇ ಖುಷಿಯಿಂದ ತಂದು ತೋರಿಸಿದ. “ನೋಡು, ಅರ್ಧವಾದ್ರೂ ಆಯ್ತಲ್ಲ,” ಎಂದು ನಾನೂ ಅಂದೆ.

ಅತ್ತಿಗೆ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಈ ಬಲೆ ಮುಗಿಯೋ ಜಾಗದಲ್ಲಿ ನಿಂತಿದ್ದಾಳಲ್ಲ, ಕೂಸು ಎತ್ಕೊಂಡು,” ಅಂದಳು. “ಇವಳೇನು ಇವರ ಮಲಮಗಳಾ?”

ಪತ್ರಿಕೆ ಮಡಚಿ ಎಸೆದು, ಸಮವಸ್ತ್ರ ಹಾಕಿಕೊಳ್ಳಲು ಒಳಗೆ ಹೋದಳು. ಅವತ್ತು ಅವಳದು ಮಧ್ಯಾಹ್ನದ ಪಾಳಿ. ಹೊರಗೆ ಬಿಸಿಲು ಆಗಲೇ ಏರಿತ್ತು.